ಬಾಗಿಲಿನ ಬಾಡದ ಮಾಲೆ

೨೦೨೫ನೆಯ ಇಸವಿಯ ನವರಾತ್ರಿಗೆ ಇನ್ನೂ ನಾಲ್ಕು ದಿನಗಳಿರುವಾಗ, ಬೈಲಹೊಂಗಲದ ನಮ್ಮ ಮನೆಯ ತಲೆಬಾಗಿಲಿನ ಕದದ ಮೇಲೆ ಒಂದು ವಸ್ತುವು ಬಂದು ಕುಳಿತಿತು. ಹಾರವೆನ್ನೋಣವೆಂದರೆ ಅದು ಜೋಲುತ್ತಿರಲಿಲ್ಲ. ತೋರಣವೆನ್ನೋಣವೆಂದರೆ ಬಾಗಿಲಿನ ಅಗಲಕ್ಕೆ ಹಬ್ಬಿರಲಿಲ್ಲ. ರೊಟ್ಟಿಬುಟ್ಟಿಯ ಬಾಯಿಯಷ್ಟು ಅಗಲವಾದ ಒಂದು ಬಳೆ. ಅದರ ಸುತ್ತಲೂ ನಸುಗೆಂಪಿನ ಗುಲಾಬಿಗಳು, ನೀಲಿಯ ಸಣ್ಣ ತೆನೆಗಳು, ಬೂದಿಬಣ್ಣದ ಎಲೆಗಳು. ಕೆಲವು ಬಟ್ಟೆಯವು, ಉಳಿದವೆಲ್ಲ ಪ್ಲಾಸ್ಟಿಕ್ಕಿನವು. ನನ್ನ ಸೊಸೆಯು ಅದನ್ನು ಮೊಬೈಲಿನ ಮುಖಾಂತರ ೭೯೯ ರೂಪಾಯಿ ಕೊಟ್ಟು ತರಿಸಿದ್ದಳು. ಪೆಟ್ಟಿಗೆಯ ಮೇಲೆ ಫ್ರಾನ್ಸ್ ದೇಶದ ವರ್ಸೇಲ್ಸ್ ಅರಮನೆಯ ತೋಟದ ಚಿತ್ರವಿದ್ದು, ಇತಿಹಾಸಪ್ರಸಿದ್ಧವಾದ ಉದ್ಯಾನಗಳನ್ನು ನೋಡಿ ರಚಿಸಿದ ಗೃಹಾಲಂಕಾರವಿದೆಂದು ಕೆಳಗೆ ಅಚ್ಚು ಹಾಕಿದ್ದರು. ಗುಲಾಬಿಯೊಂದನ್ನು ಬಿಟ್ಟರೆ ಆ ಬಳೆಯೊಳಗಿನ ಯಾವ ಗಿಡವನ್ನೂ ನಾನು ನಮ್ಮ ಎರೆಯ ಸೀಮೆಯಲ್ಲಿ ಕಂಡವನಲ್ಲ.

ಆ ದಿನ ನಾನು ಏನನ್ನೂ ಆಡಲಿಲ್ಲ. ಮನೆಯಾಕೆಯು ತೀರಿಕೊಂಡು ಆರು ವರ್ಷಗಳಾದವು. ಮನೆಯ ಯಾಜಮಾನ್ಯವೆಲ್ಲ ಸೊಸೆಯದು. ಪಿಂಚಣಿಯ ಮೇಲಿರುವ ಮಾಸ್ತರನು ಬಾಗಿಲಿನ ಶೃಂಗಾರದಲ್ಲಿ ಬಾಯಿ ಹಾಕುವುದು ಶೋಭಿಸದೆಂಬಷ್ಟು ವಿವೇಕವು ನನಗೆ ಇದ್ದೇ ಇದ್ದಿತು. ಅದು ಮರುದಿನ ಬೆಳಗಿನವರೆಗೆ ಮಾತ್ರ ಬಾಳಿತು.

ನನ್ನ ತಾಯಿಗೆ ಈಗ ೮೪ ವರ್ಷ. ಕಣ್ಣು ಬಹುಮಟ್ಟಿಗೆ ಹೋಗಿದೆ. ಬೆಳಕು ಕತ್ತಲೆಗಳ ಭೇದವಷ್ಟೇ ತಿಳಿಯುತ್ತದೆ. ಆದರೂ ಮುಂಜಾನೆ ಎದ್ದು, ಗೋಡೆ ಹಿಡಿದು, ಕದ ಸವರಿ, ಹೊರಗಿನ ತುಳಸಿಗೆ ನೀರೆರೆಯುವ ವ್ರತವನ್ನು ಅವಳು ಬಿಟ್ಟಿಲ್ಲ. ಆ ಬೆಳಗಿನಲ್ಲಿ ಅವಳ ಕೈ ಕದದ ಮೇಲಿನ ಬಳೆಗೆ ತಗುಲಿತು. ಒಂದು ಸುತ್ತು ಸವರಿದಳು. ಇನ್ನೊಂದು ಸುತ್ತು ಸವರಿದಳು. ಆಮೇಲೆ ನನ್ನ ಹೆಜ್ಜೆಯ ಸಪ್ಪಳವನ್ನು ಗುರುತಿಸಿ, ಧ್ವನಿ ತಗ್ಗಿಸಿ ಕೇಳಿದಳು:

“ತಮ್ಮಾ, ಯಾರ ಹೋದ್ರೋ?”

ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ನಮ್ಮ ಕಡೆಗೆ ಹೂವು ಜೀವಂತರಿಗೆ ಹಾರವಾಗಿ, ದಂಡೆಯಾಗಿ, ಮಾಲೆಯಾಗಿ ಬರುತ್ತದೆ. ಚಕ್ರವಾಗಿ ಬರುವುದು ಅಳಿದವರಿಗೆ. ಕಿತ್ತೂರಿನ ರಾಣಿ ಚೆನ್ನಮ್ಮನು ೧೮೨೯ರ ಫೆಬ್ರುವರಿಯಲ್ಲಿ ನಮ್ಮ ಊರಿನ ಕೋಟೆಯಲ್ಲಿ ಸೆರೆಯಾಳಾಗಿಯೇ ದೇಹವಿಟ್ಟಳು. ಅವಳ ಸಮಾಧಿಗೆ ಗಣ್ಯರು ಪುಷ್ಪಚಕ್ರವಿಡುವುದನ್ನು ಊರಿನ ಹುಡುಗರೆಲ್ಲ ನೋಡಿದ್ದಾರೆ. ಈ ಸೀಮೆಯಿಂದ ಸೈನ್ಯಕ್ಕೆ ಹೋದವರು ಬಹಳ. ಅವರಲ್ಲಿ ಯಾರಾದರೂ ಪೆಟ್ಟಿಗೆಯಲ್ಲಿ ಊರಿಗೆ ಮರಳಿದಾಗ ಮೇಲಿಡುವುದೂ ಅದನ್ನೇ. ಕಣ್ಣಿದ್ದ ಕಾಲದಲ್ಲಿ ನನ್ನ ತಾಯಿಯು ಕಂಡ ಇಂಥ ಚಕ್ರಗಳೆಲ್ಲ ಆ ಬಗೆಯವೇ. ಯುರೋಪಿನವರು ಕ್ರಿಸ್‌ಮಸ್ಸಿನಲ್ಲಿ ಬಾಗಿಲಿಗೆ ಹಸುರಿನ ಬಳೆಯನ್ನು ತೂಗಿ ಅತಿಥಿಗಳನ್ನು ಸ್ವಾಗತಿಸುವರೆಂಬುದನ್ನು ಅವಳಿಗೆ ಹೇಳುವವರಾರು?

ಯಾರೂ ಹೋಗಿಲ್ಲವೆಂದು ಹೇಳಿ ಅವಳನ್ನು ತುಳಸಿಯ ಬಳಿಗೆ ಕರೆದೊಯ್ದೆನು. ಸೊಸೆಯು ಕೆಲಸಕ್ಕೆ ಹೊರಟುಹೋದ ಮೇಲೆ, ಯಾರನ್ನೂ ಕೇಳದೆ ಆ ಚಕ್ರವನ್ನು ಇಳಿಸಿ, ಏಣಿ ಹಚ್ಚಿ, ಅಟ್ಟದ ಮೇಲಿನ ಒಂದು ತಗಡಿನ ಟ್ರಂಕಿನ ಮೇಲಿಟ್ಟು ಬಂದೆನು. ಕೇಳದೆ ಇಳಿಸಿದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪನ್ನು ಸಂಜೆಗೆ ಮಾಡಿದೆನು; ಎಂದರೆ ಉಪನ್ಯಾಸ ಕೊಟ್ಟೆನು.

ವಿಷಯವು ನಳೋಪಾಖ್ಯಾನ. ದಮಯಂತಿಯ ಸ್ವಯಂವರಕ್ಕೆ ನಾಲ್ವರು ದೇವತೆಗಳು ನಳನ ರೂಪವನ್ನೇ ತಾಳಿ ಬಂದು ಕುಳಿತರಷ್ಟೆ. ಐವರು ನಳರಲ್ಲಿ ನಿಜವಾದವನಾರೆಂದು ಅವಳು ಮೊರೆಯಿಡಲು, ದೇವತೆಗಳು ತಮ್ಮ ಲಕ್ಷಣಗಳನ್ನು ತೋರಗೊಟ್ಟರು: ರೆಪ್ಪೆ ಬಡಿಯದ ಕಣ್ಣು, ಬೆವರಿಲ್ಲದ ಮೈ, ನೆಲ ಮುಟ್ಟದ ಪಾದ, ಬಾಡದ ಮಾಲೆ. ನಳನಿಗಾದರೋ ನೆರಳಿದ್ದಿತು, ಬೆವರಿದ್ದಿತು, ಮೈಮೇಲೆ ಧೂಳಿದ್ದಿತು, ಕೊರಳಿನ ಹೂವು ಬಾಡಿದ್ದಿತು. ದಮಯಂತಿಯು ಬಾಡಿದ ಮಾಲೆಯವನನ್ನೇ ವರಿಸಿದಳು. ಆದುದರಿಂದ ಬಾಡುವ ಹೂವೇ ಮನುಷ್ಯರ ಮನೆಗೆ ತಕ್ಕದ್ದು. ಬಾಡದ ಹೂವು ಪ್ರೇತಕಳೆಯುಳ್ಳದ್ದು. ಇತ್ಯಾದಿಯಾಗಿ ಅರ್ಧ ಗಂಟೆ ನಡೆಯಿತು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಗಂಟೆ ಬಾರಿಸುವವರಿಲ್ಲದಿದ್ದರೆ ಹೀಗಾಗುವುದುಂಟು.

ಸೊಸೆಯು ಕೊನೆಯವರೆಗೂ ತಲೆ ತಗ್ಗಿಸಿಕೊಂಡು ಕಾಳು ಆರಿಸುತ್ತ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ಮಾವಾರ, ಹಿತ್ತಲದಾಗ ಆ ಗಿಡಾ ಇದ್ದಿದ್ದರ ನಾ ಯಾಕ್ರೀ ಇದನ್ನ ತರಸತಿದ್ನಿ? ನನ್ನ ಖೋಲಿ ಕಟ್ಟಸಾಕಂತ ಅವನ್ನ ಕಡಿಸಿದ್ರಿ. ನನ್ನೊಂದ ಮಾತ ಕೇಳಿದ್ದರ ಖೋಲಿ ಬ್ಯಾಡ ಅಂತಿದ್ನಿ.”

ನಾನು ಎದ್ದು ಹೊರಗೆ ಹೋದೆನು.

ಸಂಗತಿಯು ಹೀಗಿದೆ. ನಮ್ಮ ಹಿತ್ತಲು ಬಹಳ ದೊಡ್ಡದೇನಲ್ಲ. ನನ್ನ ತಾಯಿಯು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಬಚ್ಚಲ ನೀರು ಹರಿದುಹೋಗುವ ಕಡೆಗೆ ಒಂದೊಂದಾಗಿ ಗಿಡ ಹಚ್ಚಿದ್ದಳು: ಎರಡು ದುಂಡುಮಲ್ಲಿಗೆಯ ಕಂಟಿ, ಗೋಡೆಗೆ ಹತ್ತಿದ ಸೂಜಿಮಲ್ಲಿಗೆಯ ಬಳ್ಳಿ, ನಂದಬಟ್ಟಲು, ಕಣಗಿಲೆ, ದಾಸವಾಳ, ಅಬ್ಬಲಿಗೆ, ಹಳದಿಯ ಗೋರಟೆ, ಮೂಲೆಯಲ್ಲಿ ಒಂದು ಪಾರಿಜಾತ. ೨೦೧೦ರಲ್ಲಿ ಮಗನ ಮದುವೆಯಾಯಿತು. ೨೦೧೧ರಲ್ಲಿ ಮಗ ಸೊಸೆಯರಿಗಾಗಿ ಒಂದು ಕೋಣೆ ಬೇಕೆಂದು ನಾನು ಹಿತ್ತಲನ್ನೆಲ್ಲ ಬಯಲು ಮಾಡಿಸಿ ತಳಪಾಯ ಹಾಕಿಸಿದೆನು. ಉಳಿದ ನೆಲಕ್ಕೆ ಫರಸಿ ಹಾಸಿಸಿದೆನು. ಕೆಲಸವು ಎರಡೇ ದಿನದ್ದು. ಆಗ ಇನ್ನೂ ತಾಯಿಗೆ ಕಣ್ಣು ಕಾಣುತ್ತಿದ್ದಿತು. ಅವಳು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋದಳು. ಅಂದಿನಿಂದ ದೇವರ ಮುಂದಿನ ಹೂವು ಪೇಟೆಯಿಂದ ಬರತೊಡಗಿತು. ಹದಿನಾಲ್ಕು ವರ್ಷ ಅವಳು ಆ ಮಾತನ್ನೇ ಎತ್ತಲಿಲ್ಲವಾದ್ದರಿಂದ, ಅವಳಿಗೆ ಅದರಿಂದ ಏನೂ ಅನಿಸಿಲ್ಲವೆಂದು ನಾನು ತಿಳಿದಿದ್ದೆನು.

ಇದನ್ನು ಮಾಡಿದವನು ತರಗತಿಯಲ್ಲಿ ಶಾಕುಂತಲದ ನಾಲ್ಕನೆಯ ಅಂಕವನ್ನು ಕಣ್ಣಲ್ಲಿ ನೀರು ತಂದುಕೊಂಡು ಪಾಠ ಹೇಳುತ್ತಿದ್ದವನು. ಶಕುಂತಲೆಗೆ ಅಲಂಕಾರವೆಂದರೆ ಆಸೆಯಿದ್ದರೂ ಗಿಡಗಳ ಮೇಲಿನ ಅಕ್ಕರೆಯಿಂದ ಚಿಗುರು ಕೀಳುತ್ತಿರಲಿಲ್ಲವೆಂದೂ, ವನಜ್ಯೋತ್ಸ್ನೆಯೆಂದು ಹೆಸರಿಟ್ಟ ಮಲ್ಲಿಗೆಯ ಬಳ್ಳಿಯನ್ನು ತಂಗಿಯೆಂದು ಅಪ್ಪಿ ಬೀಳ್ಕೊಂಡಳೆಂದೂ ನಾನು ಎಷ್ಟು ಸಲ ವಿವರಿಸಿಲ್ಲ! ಮಲ್ಲಿಗೆಯ ಕಂಟಿಗಳನ್ನು ಬೇರು ಸಹಿತ ಕೀಳಿಸಿದ ವರ್ಷವೂ ಆ ಪಾಠವನ್ನು ಬಿಡದೆ ಹೇಳಿದೆನು.

ಹಲವು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಸೊಸೆಯು ಊಟಕ್ಕೆ ಬಡಿಸುವಾಗ ಬೇಕು ಬೇಡ ಕೇಳುವಳು, ಅದಕ್ಕಿಂತ ಹೆಚ್ಚಿಲ್ಲ. ಬನ್ನಿ ಕೊಟ್ಟು ನಮಸ್ಕರಿಸುವಾಗಲೂ ಇಬ್ಬರೂ ಏನನ್ನೂ ಆಡಲಿಲ್ಲ. ಈ ಮೌನವನ್ನು ಮುರಿದವಳು ಹನ್ನೊಂದು ವರ್ಷದ ಮೊಮ್ಮಗಳು. ಅವಳು ಒಂದು ಸಂಜೆ ಬಂದು, “ಅಜ್ಜಾ, ಕೃತ್ರಿಮ ಅಂದರ ಕೆಟ್ಟದ್ದೇನು?” ಎಂದು ಕೇಳಿದಳು. ಉಪನ್ಯಾಸದಲ್ಲಿ ಆ ಶಬ್ದವನ್ನು ನಾನು ಹಲವು ಸಲ ಬಳಸಿದ್ದೆನಷ್ಟೆ. ಕೃತ್ರಿಮವೆಂದರೆ ಕೈಯಿಂದ ಮಾಡಿದ್ದು, ತಾನಾಗಿ ಆದದ್ದಲ್ಲ, ಎಂದು ಹೇಳಿ, ಪ್ರಮಾಣಕ್ಕಾಗಿ ಅಮರಕೋಶವನ್ನು ತೆಗೆದೆನು. ವನೌಷಧಿವರ್ಗದ ಆರಂಭದಲ್ಲಿಯೇ ಉತ್ತರವಿದ್ದಿತು, ಮತ್ತು ಅದು ನನಗೆ ಅನುಕೂಲವಾಗಿರಲಿಲ್ಲ. ಅಮರಸಿಂಹನು ಆರಾಮ, ಉಪವನ ಎಂಬ ಶಬ್ದಗಳಿಗೆ ಕೊಡುವ ಅರ್ಥವೇ ಕೃತ್ರಿಮವಾದ ವನವೆಂದು. ಅರಸನದಾದರೆ ಉದ್ಯಾನ, ಅಂತಃಪುರದ್ದಾದರೆ ಪ್ರಮದವನ, ಅಮಾತ್ಯರ ಮನೆಯದಾದರೆ ವೃಕ್ಷವಾಟಿಕೆ. ಹೆಸರು ಬೇರೆಯಾದರೂ ಎಲ್ಲವೂ ಕೈಯಿಂದ ಮಾಡಿದ ಕಾಡುಗಳೇ. ಈ ಶ್ಲೋಕಗಳು ನನಗೆ ಹತ್ತನೆಯ ವಯಸ್ಸಿನಿಂದ ಬಾಯಿಪಾಠ. ಆದರೂ ಅವುಗಳ ಅರ್ಥವು ಮನಸ್ಸಿಗೆ ಹತ್ತಿದ್ದು ಆ ಸಂಜೆ.

ಉದ್ಯಾನವು ಕೃತ್ರಿಮವಾದ ಬಳಿಕ, ಅದರ ಪ್ರತಿಕೃತಿಯು ಎಷ್ಟರಮಟ್ಟಿಗೆ ದೋಷವುಳ್ಳದ್ದು? ಆ ಪೆಟ್ಟಿಗೆಯ ಮೇಲಿದ್ದ ವರ್ಸೇಲ್ಸಿನ ಕಥೆಯನ್ನೇ ನೋಡಿರಿ. ಹದಿನಾಲ್ಕನೆಯ ಲೂಯಿ ಅರಸನು ೧೬೬೧ರಿಂದ ಅಲ್ಲಿಯ ತೋಟವನ್ನು ಲ ನೋತ್ರ್ ಎಂಬ ಉದ್ಯಾನಶಿಲ್ಪಿಯಿಂದ ಮಾಡಿಸತೊಡಗಿದನು. ಅಲ್ಲಿಯ ತ್ರಿಯಾನೋ ಎಂಬ ವಿಹಾರಮಂದಿರದ ಮುಂದೆ ಹೂಗಿಡಗಳನ್ನು ಕುಂಡಗಳಲ್ಲಿಯೇ ಬೆಳೆಸಿ, ಕುಂಡ ಸಹಿತವಾಗಿ ನೆಲದಲ್ಲಿ ಹೂಳುತ್ತಿದ್ದರು. ಒಂದು ಬಾಡಿತೆಂದರೆ ಅದನ್ನೆತ್ತಿ ಅರಳಿದ್ದನ್ನಿಡುವುದು. ದೇವತೆಗಳ ಮಾಲೆಗಾಗಿ ಮನುಷ್ಯನು ಪಟ್ಟ ಪಾಡು ಇದು. ಪಾರಸಿಕದ ಸಸಾನಿ ಅರಸರಿಗೆ ಚಳಿಗಾಲದಲ್ಲಿ ವಸಂತವನ್ನು ನೋಡುವ ಆಸೆಯಾಗಿ, ತೋಟವನ್ನೇ ರತ್ನಗಂಬಳಿಯಲ್ಲಿ ನೇಯಿಸಿ ಹೂವಿನ ಸ್ಥಾನದಲ್ಲಿ ಮಣಿಗಳನ್ನು ಕೂರಿಸಿದ್ದರಂತೆ. ೬೩೭ರಲ್ಲಿ ಅರಬರು ರಾಜಧಾನಿಯನ್ನು ಗೆದ್ದಾಗ ಅದನ್ನು ಕತ್ತರಿಸಿ ಹಂಚಿಕೊಂಡರೆಂದು ಚರಿತ್ರಕಾರರು ಬರೆದಿದ್ದಾರೆ. ಅಷ್ಟು ದೂರವೇಕೆ? ವಿಜಾಪುರದ ಅಸಾರ್ ಮಹಲಿನ ಮೇಲಂತಸ್ತಿನ ಗೋಡೆಗಳಲ್ಲಿ ಆದಿಲಶಾಹಿ ಕಾಲದ ಚಿತ್ರಗಾರರು ಬರೆದ ಹೂದಾನಿಗಳಿವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (೧೧೨೬–೧೧೩೮) ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಮಾಲೆಗೂ ಒಂದು ಸ್ಥಾನ ಕೊಟ್ಟಿದ್ದಾನೆ. ವಾತ್ಸ್ಯಾಯನನು ಎಣಿಸಿದ ೬೪ ಕಲೆಗಳಲ್ಲಿಯೂ ಮಾಲೆ ಕಟ್ಟುವುದು ಸೇರಿದೆ.

ಇಷ್ಟೆಲ್ಲ ಯೋಚಿಸುತ್ತ ತಲೆ ಎತ್ತಿದರೆ ಎದುರಿನ ಗೋಡೆಯಲ್ಲಿ ನನ್ನ ಮನೆಯಾಕೆಯ ಭಾವಚಿತ್ರ. ಅದಕ್ಕೆ ಹಾಕಿದ್ದು ಗಂಧದ ಚಕ್ಕೆಯ ಹಾರ. ವರ್ಷಾಂತಕ್ಕೆ ಅದನ್ನು ಕೊಂಡು ತಂದವನು ನಾನೇ. ದಿನಾಲು ಹೂವು ತರುವುದು ಯಾರಿಂದಾದೀತೆಂದು ಆಗ ಆಡಿದವನೂ ನಾನೇ.

ಮೊಮ್ಮಗಳು ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ತಂದೆಯ ಸಂಗಡ ಬೆಂಗಳೂರಿಗೆ ಹೋಗಿ ಲಾಲ್‌ಬಾಗಿನ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನವನ್ನು ನೋಡಿ ಬಂದಿದ್ದಳು. ಹೈದರಾಲಿಯು ೧೭೬೦ರಲ್ಲಿ ಹಾಕಿಸಿದ ತೋಟವದು. ೧೮೮೯ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯಲ್ಲಿ ಪ್ರದರ್ಶನ ನಡೆಯುತ್ತದೆ. ಆ ಸಲದ ವಸ್ತುವು ಕಿತ್ತೂರು ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣ. ಕಿತ್ತೂರಿನ ಕೋಟೆಯನ್ನೇ ಹೂವಿನಲ್ಲಿ ಕಟ್ಟಿ ನಿಲ್ಲಿಸಿದ್ದರು. ಹುಡುಗಿಗೆ ಅಂದಿನಿಂದ ಒಂದೇ ಹಟ: ನಿಜವಾದ ಕೋಟೆಯನ್ನು ತೋರಿಸಬೇಕು. ಬೈಲಹೊಂಗಲದಲ್ಲಿ ಹುಟ್ಟಿದ ಮಗುವು ಕಿತ್ತೂರಿನ ಕೋಟೆಯನ್ನು ಮೊದಲು ಕಂಡದ್ದು ಬೆಂಗಳೂರಿನ ಗುಲಾಬಿಗಳಲ್ಲಿ ಎಂಬುದು ನನಗೆ ನಾಚಿಕೆಯನ್ನುಂಟುಮಾಡಿತು. ಒಂದು ರವಿವಾರ ಬಸ್ಸು ಹಿಡಿದು ಹೊರಟೆವು.

ಕಿತ್ತೂರಿನಲ್ಲಿ ಉತ್ಸವದ ಸಿದ್ಧತೆ ನಡೆದಿದ್ದಿತು. ೧೮೨೪ರ ಅಕ್ಟೋಬರ್ ೨೩ರಂದು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ನೆನಪಿಗೆ ಪ್ರತಿವರ್ಷ ನಡೆಯುವ ಉತ್ಸವವದು. ಅರಮನೆಯ ಪಾಳುಗೋಡೆಗಳು, ಸ್ನಾನದ ಮನೆ, ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಇರಿಸಿದ ಕೊಳವೆ, ಇವುಗಳನ್ನೆಲ್ಲ ತೋರಿಸಿದೆನು. ಅವಳ ಕಣ್ಣು ಮಾತ್ರ ನೆಲದ ಮೇಲೆ. ಮಳೆಗಾಲವು ಮುಗಿದ ಸಮಯ. ಗೋಡೆಯ ಸಂದಿಗಳಲ್ಲಿ ತುಂಬೆ ಎದ್ದು ಬೆಳ್ಳಗೆ ಹೂಬಿಟ್ಟಿತ್ತು. ಮಾಲಿಗಳು ನೀರೆರೆದು ಬೆಳೆಸಿದ ಹೂವು ಅತ್ತ ಇದ್ದಿತು. ಇವಳು ಒಂದು ತುಂಬೆಯ ಗೊಂಚಲನ್ನು ಪುಸ್ತಕದಲ್ಲಿ ಒತ್ತಿಟ್ಟುಕೊಂಡಳು.

ಅಲ್ಲಿಂದ ಸಮೀಪದ ದೇಗಾಂವಿಗೆ ಹೋದೆವು. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿಯು ಕಟ್ಟಿಸಿದ ಕಮಲನಾರಾಯಣನ ಗುಡಿ ಅಲ್ಲಿದೆ. ತಂಪಾದ ಕಲ್ಲಿನ ಮಂಟಪದಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ಹುಡುಗಿಯು ನೆಲದ ಮೇಲೆ ಅಂಗಾತ ಮಲಗಿ ಛತ್ತಿನ ಕಮಲಗಳನ್ನು ನೋಡುತ್ತ, “ಅಜ್ಜಾ, ಇವೂ ಕೃತ್ರಿಮನ ಅಲ್ಲೇನು? ಇವಕ್ಕ ಯಾಕ ಕೈ ಮುಗದಿ?” ಎಂದಳು. ಕಲ್ಲಿನ ಕಮಲಕ್ಕೂ ಪ್ಲಾಸ್ಟಿಕ್ಕಿನ ಗುಲಾಬಿಗೂ ಇರುವ ಅಂತರವನ್ನು ಹೇಳಲು ಬಾಯಿ ತೆರೆದೆನು. ಒಂದು ತನ್ನ ಕೊಳವನ್ನು ಬಲ್ಲ ಕೈಯಿಂದ ಆದದ್ದು, ಇನ್ನೊಂದು ಯಾವ ಗಿಡವನ್ನೂ ಕಾಣದ ಯಂತ್ರದಿಂದ ಎರಕವಾದದ್ದು, ಎಂದೇನೋ ಹೇಳಬೇಕೆಂದಿದ್ದೆನು. ಅಷ್ಟರಲ್ಲಿ ಅವಳೇ, “ನಮ್ಮ ಮನಿ ಹಿತ್ತಲದ್ದ ಯಾಕ ಮಾಡಬಾರದು? ಮುತ್ತಜ್ಜಿಗೆ ಎಲ್ಲಾ ಗಿಡಾ ನೆನಪ ಅದಾವ,” ಎಂದಳು.

ಮುತ್ತಜ್ಜಿಗೆ ನೆನಪಿರುವುದು ಇವಳಿಗೆ ಹೇಗೆ ತಿಳಿಯಿತು? ಕೇಳಿದರೆ, ರಾತ್ರಿ ಮಲಗುವಾಗ ಮುತ್ತಜ್ಜಿಯು ದಿನಾಲೂ ಅದನ್ನೇ ಹೇಳುತ್ತಾಳಂತೆ: ಬಾಗಿಲಿನಿಂದ ಎಷ್ಟು ಹೆಜ್ಜೆಗೆ ಕಣಗಿಲೆ, ಅಲ್ಲಿಂದ ಎಷ್ಟು ಹೆಜ್ಜೆಗೆ ಮಲ್ಲಿಗೆ, ಪಾರಿಜಾತದ ಬುಡದಲ್ಲಿ ಹಾಸುವ ಧೋತರವು ಯಾವುದು ಎಂದು. ನನಗೆ ಹದಿನಾಲ್ಕು ವರ್ಷ ಹೇಳದಿದ್ದುದನ್ನು ಆ ಮಗುವಿಗೆ ಪ್ರತಿರಾತ್ರಿ ಹೇಳುತ್ತಿದ್ದಳು.

ಮನೆಗೆ ಬಂದವನೇ ಏಣಿ ಹಚ್ಚಿದೆನು. ಚಕ್ರವನ್ನು ಇಳಿಸುವಾಗ ಅದರ ಕೆಳಗಿನ ತಗಡಿನ ಟ್ರಂಕನ್ನೂ ನೋಡಿದೆನು. ಅದು ಸೊಸೆಯ ರುಖವತದ ಟ್ರಂಕು. ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣಿನವರು ಕೈಕೆಲಸದ ವಸ್ತುಗಳನ್ನು ಸಾಲಾಗಿ ಇಟ್ಟು ಬೀಗರಿಗೆ ತೋರಿಸುವ ರುಖವತದ ಸಂಗತಿಯು ವಾಚಕರಿಗೆ ಗೊತ್ತಿದ್ದದ್ದೇ. ಸೊಸೆಯ ತವರು ರಾಮದುರ್ಗ, ನೇಕಾರರ ಮನೆ. ಮದುವೆಯಲ್ಲಿ ಅವಳು ಮಣಿಗಳ ತುಳಸೀವೃಂದಾವನವನ್ನೂ, ಸೀರೆಯ ತುಣುಕುಗಳಿಂದ ಮಾಡಿದ ಒಂದು ಹೂದೋಟವನ್ನೂ ಇಟ್ಟಿದ್ದಳು. ನಾನು ಬೀಗರ ಕೈ ಹಿಡಿದು ಅದನ್ನು ಹೊಗಳಿದ್ದು ನೆನಪಾಯಿತು. ಹದಿನೈದು ವರ್ಷ ಅಟ್ಟದ ಮೇಲಿದ್ದ ಆ ತೋಟದ ಮೇಲೆ ನಾನು ಕೃತ್ರಿಮಪುಷ್ಪದ ನಿಂದೆಯನ್ನು ಇಟ್ಟು ಇಳಿದಿದ್ದೆನು!

ಟ್ರಂಕನ್ನೂ ಚಕ್ರವನ್ನೂ ತಂದು ಸೊಸೆಯ ಮುಂದಿಟ್ಟು, “ಕೇಳದ ಇಳಿಸಿದ್ದು ನನ್ನ ತಪ್ಪು, ತಾಯಿ. ಗಿಡಾ ಕಡಿಸಿದ್ದೂ ತಪ್ಪು,” ಎಂದೆನು. ಅವಳು “ಇರಲಿ ಬಿಡ್ರಿ ಮಾವಾರ,” ಎಂದು ಟ್ರಂಕಿನ ಚಿಲಕ ತೆಗೆದಳು. ಒಳಗಿನ ಬಟ್ಟೆಯ ಹೂಗಳಲ್ಲಿ ಅರ್ಧಕ್ಕರ್ಧ ನುಸಿ ಹಿಡಿದಿದ್ದವು.

ಇನ್ನು ಕೆಲಸದ ವಿಚಾರ. ಕೆಲವು ಗೃಹಿಣಿಯರಿಗಾದರೂ ಉಪಯೋಗವಾದೀತೆಂದು ಇದನ್ನು ಸ್ವಲ್ಪ ವಿಸ್ತರಿಸುತ್ತೇನೆ. ಪ್ಲಾಸ್ಟಿಕ್ಕಿನ ಹೂಗಳನ್ನು ಬಿಡಿಸಿ ತೆಗೆದು, ತಂತಿಯ ಬಳೆಯನ್ನು ಮಾತ್ರ ಇಟ್ಟುಕೊಂಡೆವು. ಬಳೆಯನ್ನು ಒಂದು ಕಡೆ ಕತ್ತರಿಸಿ ಬಿಲ್ಲಿನಂತೆ ಅಗಲಿಸಿದ್ದು ಸೊಸೆಯ ಯುಕ್ತಿ. ಚಕ್ರವು ಹೋಗಿ ತೋರಣವಾಯಿತು. ಹೂವಿಗೆ ಹತ್ತಿ. ಬೈಲಹೊಂಗಲವು ಹತ್ತಿಯ ಪೇಟೆ. ಇಲ್ಲಿ ಹತ್ತಿಗೆ ಬರವಿಲ್ಲ. ಗೆಜ್ಜೆವಸ್ತ್ರವನ್ನು ಮಾಡಲು ಬಲ್ಲ ಯಾವ ಹೆಂಗಸಿಗೂ ಈ ಕೆಲಸವು ಹೊಸದಲ್ಲ. ಹೂಬತ್ತಿಯನ್ನು ಹೊಸೆದು ತುದಿಯನ್ನು ಬಿಗಿದರೆ ಅದೇ ಮಲ್ಲಿಗೆಯ ಮೊಗ್ಗು. ಹೂಬತ್ತಿಯೆಂಬ ಹೆಸರನ್ನು ಇಟ್ಟವರು ಅದನ್ನು ಕಂಡೇ ಇಟ್ಟಿರಬೇಕು. ಅರಳಿದ ಹೂವಿಗೆ ಹತ್ತಿಯನ್ನು ತೆಳ್ಳಗೆ ಹರಡಿ, ಅಕ್ಕಿಯ ಗಂಜಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಎಸಳು ಕತ್ತರಿಸಬೇಕು. ಗಂಜಿಗೆ ಹುಳು ಬೀಳುತ್ತದೆ. ಪುಸ್ತಕದ ರಟ್ಟು ಕಟ್ಟುವವರು ಅಂಟಿನಲ್ಲಿ ಚಿಟಿಕೆ ಮೈಲುತುತ್ತ ಹಾಕುವುದನ್ನು ಶಾಲೆಯಲ್ಲಿ ಕಂಡಿದ್ದೆನು, ಅದನ್ನೇ ಮಾಡಿದೆವು. ಆದರೆ ಅದು ವಿಷ. ಮಕ್ಕಳ ಕೈಗೆ ಕೊಡಬಾರದು, ಅಡಿಗೆಯ ಪಾತ್ರೆಯಲ್ಲಿ ಕಲಸಲೂ ಬಾರದು. ಅರಿಷಿಣವು ಬಿಸಿಲಿಗೆ ಬೇಗನೆ ಬೆಳ್ಳಗಾಗುತ್ತದೆ. ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಹತ್ತಿಯು ಉರಿಯುವ ಪದಾರ್ಥವಾದ್ದರಿಂದ ದೀಪದ ಬಳಿ ಕಟ್ಟತಕ್ಕದ್ದಲ್ಲ. ಎಲೆಗಳಿಗೆ ರಾಮದುರ್ಗದಿಂದ ಬೀಗಿತ್ತಿಯವರು ಹಸುರು ಸೀರೆಯ ತುಣುಕುಗಳನ್ನು ಚೀಲ ತುಂಬ ಕಳಿಸಿಕೊಟ್ಟರು. ಅರ್ಧ ಚೀಲ ಇನ್ನೂ ಉಳಿದಿದೆ.

ಪರೀಕ್ಷಕಳು ನನ್ನ ತಾಯಿ. ಮಾಡಿದ ಒಂದೊಂದು ಹೂವನ್ನೂ ಅವಳ ಅಂಗೈಯಲ್ಲಿಡುವುದು. ಅವಳು ಹೆಬ್ಬೆರಳಿನಿಂದ ಸವರಿ ಹೆಸರು ಹೇಳುವುದು. ಹೇಳಲಾಗದಿದ್ದರೆ ಆ ಹೂವು ನಾಪಾಸು. ನನ್ನ ಜೀವಮಾನದಲ್ಲಿ ಅಷ್ಟು ಕಠಿಣವಾಗಿ ನಾನು ಉತ್ತರಪತ್ರಿಕೆ ತಿದ್ದಿದವನಲ್ಲ. ನಂದಬಟ್ಟಲಿಗೆ ಐದು ಎಸಳಿದ್ದು ಒಂದೇ ಕಡೆಗೆ ತಿರುಚಿರಬೇಕು. ನಾನು ಮಾಡಿದ ದಾಸವಾಳವನ್ನು ಅವಳು ಬಹಳ ಹೊತ್ತು ಸವರಿ, “ಇದು ಕುಂಬಳದ ಹೂವೇನೋ, ತಮ್ಮಾ?” ಎಂದಳು. ಗೋರಟೆಯ ಸರದಿ ಬಂದಾಗ ನಾನು ಸುಮ್ಮನಿರಲಾರದೆ, ಅಮರಕೋಶದಲ್ಲಿ ಅದರ ಜಾತಿಗೆ ಅಮ್ಲಾನವೆಂದರೆ ಬಾಡದ್ದೆಂಬ ಹೆಸರಿದೆಯೆಂದೂ, ಕೆಂಪಾದದ್ದು ಕುರಬಕ, ಹಳದಿಯಾದದ್ದು ಕುರಂಟಕವೆಂದೂ ಹೇಳಿದೆನು. “ಬಾಡದೇನ? ನಮ್ಮದು ಸಂಜೀಕೇ ಬಾಡತಿತ್ತು,” ಎಂದು ತಾಯಿಯು ಕೋಶವನ್ನು ಬದಿಗೆ ಸರಿಸಿದಳು. ಮೊಮ್ಮಗಳು ಕಿತ್ತೂರಿನ ತುಂಬೆಯನ್ನೂ ಸೇರಿಸಬೇಕೆಂದು ಹಟ ಹಿಡಿದು ಒಂದು ಗೊಂಚಲನ್ನು ತಾನೇ ಮಾಡಿದಳು. ಅದು ಹಿತ್ತಲದಲ್ಲವಾದರೂ ಪಾಸಾಯಿತು.

ಪಾರಿಜಾತವನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಸೊಸೆಯು ಅದನ್ನು ಮೂರು ರಾತ್ರಿ ಕುಳಿತು ಮಾಡಿದಳು: ಆರು ಎಸಳು, ಪ್ರತಿಯೊಂದರ ತುದಿಯೂ ಸೀಳಿದ್ದು, ಅರಿಷಿಣ ಸುಣ್ಣಗಳ ಕಾವಿಯ ತೊಟ್ಟು. ತಾಯಿಯು ಅದನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೂಗಿಗೆ ಹಿಡಿದಳು. ಇಳಿಸಿದಳು.

“ಎಲ್ಲಾ ಬರೋಬರಿ ಐತಿ, ತಂಗಿ. ವಾಸನಿ ಒಂದಿಲ್ಲ.”

ಸೊಸೆಯ ಮುಖ ಕಂದಿತು. ಅತ್ತರಿನ ಹನಿಯೊಂದನ್ನು ಹಚ್ಚೋಣವೆಂದು ನಾನು ಸೂಚಿಸಿದೆನು. ಇಬ್ಬರೂ ಕೂಡಿಯೇ ಬೇಡವೆಂದರು. ನಮ್ಮ ನೆರೆಯ ಸವದತ್ತಿಯ ಪ್ರಾಚೀನ ನಾಮವು ಸುಗಂಧವರ್ತಿ. ರಟ್ಟ ಅರಸರು ವೇಣುಗ್ರಾಮವೆಂಬ ಬೆಳಗಾವಿಗೆ ರಾಜಧಾನಿಯನ್ನೊಯ್ಯುವ ಮೊದಲು ಅಲ್ಲಿಂದಲೇ ಆಳುತ್ತಿದ್ದರು. ಅಲ್ಲಿಯ ಎಲ್ಲಮ್ಮನ ಗುಡ್ಡದ ಜಾತ್ರೆಗಳಲ್ಲಿ ದವನದ ಹುಣ್ಣಿಮೆಯದೂ ಒಂದು. ದವನವು ನೋಡಲಿಕ್ಕೆ ಏನೂ ಅಲ್ಲ, ಬೂದಿಬಣ್ಣದ ಹುಲ್ಲು. ಅದರ ಬೆಲೆಯೆಲ್ಲ ವಾಸನೆಯಲ್ಲಿ. ತಾಯಿಗೆ ಹೊಳೆದದ್ದು ಅದೇ. ತೋರಣದಲ್ಲಿ ಒಂದು ಗೇಣಿನಷ್ಟು ಸ್ಥಳವನ್ನು ಬರಿದಾಗಿ ಬಿಡಬೇಕೆಂದೂ, ಅಲ್ಲಿ ಸಿಕ್ಕಾಗ ದವನವನ್ನು, ಸಿಕ್ಕದಾಗ ಮರುಗವನ್ನು ಕಟ್ಟಬೇಕೆಂದೂ, ಬಾಡಿದ ಕೂಡಲೆ ಬದಲಿಸಬೇಕೆಂದೂ ಹೇಳಿದಳು. ಬದಲಿಸುವ ಕೆಲಸವು ನನ್ನ ಪಾಲಿಗೆ ಬಂದಿತು. ಪ್ರತಿ ಶುಕ್ರವಾರ ಪೇಟೆಗೆ ಹೋಗಿ ಹೂಗಾರರ ಅಂಗಡಿಯಿಂದ ಒಂದು ಕಟ್ಟು ತರುತ್ತೇನೆ.

ತುಳಸೀಲಗ್ನದ ದಿನ ತೋರಣವನ್ನು ಕಟ್ಟಿದೆವು. ನೆರೆಯ ಹೆಂಗಸರು ಬಂದು ನೋಡಿ, ಎಲ್ಲಿ ಸಿಗುತ್ತದೆ, ಎಷ್ಟು ಬಿದ್ದಿತು ಎಂದು ಕೇಳಿದರು. ಮನೆಯಾಕೆಯ ಭಾವಚಿತ್ರದ ಗಂಧದ ಹಾರವನ್ನು ನಾನು ತೆಗೆಯಲಿಲ್ಲ. ಅದರ ಮೇಲೆ ಶುಕ್ರವಾರದ ಕಟ್ಟಿನಿಂದ ಒಂದು ಎಸಳು ಸಿಕ್ಕಿಸುತ್ತೇನೆ. ಬಿಡಿಸಿ ತೆಗೆದ ಪ್ಲಾಸ್ಟಿಕ್ಕಿನ ಗುಲಾಬಿಗಳು ಏನಾದವೆಂದು ವಾಚಕರು ಕೇಳಬಹುದು. ಸುಟ್ಟರೆ ಕೆಟ್ಟ ಹೊಗೆ, ಹೂತರೆ ಕರಗುವುದಿಲ್ಲ. ರುಖವತದ ಟ್ರಂಕಿನ ತಳದಲ್ಲಿ ಇನ್ನೂ ಇವೆ, ನುಸಿ ಅವನ್ನು ಮುಟ್ಟಿಲ್ಲ.

ಕಾರ್ತಿಕ ಮುಗಿಯುವುದರೊಳಗೆ ಹಿತ್ತಲ ಮೂಲೆಯ ನಾಲ್ಕು ಫರಸಿಕಲ್ಲುಗಳನ್ನು ಕೀಳಿಸಿದೆನು. ಕೆಳಗಿನ ಮಣ್ಣು ಕರಿಯದೇ ಇದ್ದಿತು. ಹೆಜ್ಜೆಯೆಣಿಸಿ ಸ್ಥಳವನ್ನು ತೋರಿಸಿದವಳು ತಾಯಿ; ನಾನು ಗುರುತು ಮಾಡಿಕೊಂಡದ್ದಕ್ಕಿಂತ ಎರಡು ಮೊಳ ಆಚೆಗೆ. ಮೊದಲು ತಂದ ಪಾರಿಜಾತದ ಸಸಿಯನ್ನು ನೆರೆಮನೆಯ ಆಡು ತಿಂದಿತು. ಎರಡನೆಯದಕ್ಕೆ ಮುಳ್ಳು ಕಟ್ಟಿದ್ದೇವೆ. ಅದು ಈಗ ಆರು ಎಲೆ ಬಿಟ್ಟಿದೆ. ತಾಯಿಯು ಮುಂಜಾನೆ ತುಳಸಿಗೆ ಎರೆದು ಉಳಿದ ನೀರನ್ನು ಅದಕ್ಕೆ ಹಾಕಿ, ಎಲೆಗಳನ್ನು ಸವರಿ ಎಣಿಸಿ ಒಳಗೆ ಬರುತ್ತಾಳೆ.